ಮಗು 'ವಿಷುಯಲ್ಲಾ', 'ಆಡಿಟರಿನಾ' ಅಂತ ಟೆಸ್ಟ್ ಮಾಡಿಸಬೇಕಾ? (ಪ್ರೈಮರಿ ಮಕ್ಕಳ ಟೀಚರ್‌ಗಳು, ಅಪ್ಪ-ಅಮ್ಮಂದಿರು ದಯವಿಟ್ಟು ಹೇಳಿ)

ಗಾಂಧಿಬಜಾರ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಮೂರನೇ ಕ್ಲಾಸು, ಖಾಸಗಿ ಶಾಲೆ. ಶಾಲೆಯ ಹೆಸರು ಬೇಡ. ಮೊನ್ನೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕಾರ್ಡ್ ಜೊತೆಗೆ ಇನ್ನೊಂದು ಕಲರ್ ಪ್ರಿಂಟ್ ಹಾಳೆ ಕೊಟ್ಟರು. 'ಲರ್ನಿಂಗ್ ಸ್ಟೈಲ್ ರಿಪೋರ್ಟ್' ಅಂತೆ. ನೋಡಿ ಕಲಿಯುವ ಮಕ್ಕಳು ವಿಷುಯಲ್, ಕೇಳಿ ಕಲಿಯುವವರು ಆಡಿಟರಿ, ಮುಟ್ಟಿ, ಮಾಡಿ ಕಲಿಯುವವರು ಕೈನೆಸ್ತೆಟಿಕ್. ನನ್ನ ಮಗ ಕೈನೆಸ್ತೆಟಿಕ್.

ಅಲ್ಲಿಯವರೆಗೂ ಸರಿ. ಆಮೇಲೆ ಮಿಸ್ ಹೇಳಿದರು, "ಕನ್ನಡ ಓದೋದರಲ್ಲಿ ಸ್ವಲ್ಪ ಹಿಂದೆ ಇದ್ದಾನೆ, ಆದರೆ ಅದು ಅವನ ಸ್ಟೈಲ್, ನೀವು ತಲೆ ಕೆಡಿಸಿಕೊಳ್ಳಬೇಡಿ" ಅಂತ. ನನಗೆ ತಲೆ ಕೆಟ್ಟಿದ್ದೇ ಆಗ. ಹೊರಗೆ ಬರುವಾಗ ಬಾಗಿಲ ಹತ್ತಿರ ಒಂದು ಟೇಬಲ್ ಹಾಕಿಕೊಂಡು ಇಬ್ಬರು ಕೂತಿದ್ದರು. ಮಗುವಿನ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡರೆ ಇನ್ನೂ 'ಡೀಟೇಲ್ಡ್' ರಿಪೋರ್ಟ್ ಬರುತ್ತದಂತೆ. ಕೆಲವು ಸಾವಿರ ರೂಪಾಯಿ.

ನನ್ನ ಪ್ರಶ್ನೆ ಇಷ್ಟೇ. ಈ ಸ್ಟೈಲ್ ಅನ್ನೋದು ನಿಜವಾ? ಮನೆಯಲ್ಲಿ ಅದೇ ಪ್ರಕಾರ ಹೇಳಿಕೊಡಬೇಕಾ? ಬೆರಳಚ್ಚು ಕೊಡಬೇಕಾ?

ಸೀಮೆಸುಣ್ಣ

ಬೆರಳಚ್ಚು ಕೊಡಬೇಡಿ ಮೇಡಂ. ಮಿಕ್ಕಿದ್ದು ಆಮೇಲೆ ಮಾತಾಡೋಣ, ಮೊದಲು ಆ ದುಡ್ಡು ಉಳಿಸಿಕೊಳ್ಳಿ.

ಪುಟ ತಿರುವುವವ

ಸೀಮೆಸುಣ್ಣ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿರುತ್ತದೆ. ಅದನ್ನು ನೋಡಿ ಮಗು ಗಣಿತಕ್ಕೋ ಸಂಗೀತಕ್ಕೋ ಅಂತ ಹೇಳೋದಕ್ಕೂ ಅಂಗೈ ಶಾಸ್ತ್ರಕ್ಕೂ ವ್ಯತ್ಯಾಸ ಇಲ್ಲ. ಅಂಗೈ ನೋಡುವವರು ಕಡಿಮೆ ದುಡ್ಡು ಕೇಳುತ್ತಾರೆ, ಅಷ್ಟೇ. 'ಡಿಎಂಐಟಿ' ಅನ್ನುವ ಈ ಬೆರಳಚ್ಚಿನ ಟೆಸ್ಟಿಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ ಹೇಳಿಯಾಗಿದೆ.

ಇನ್ನು ಸ್ಟೈಲ್ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಈಗ ಎಲ್ಲ ಟ್ರೈನಿಂಗ್‌ಗಳಲ್ಲೂ ಹೇಳಿಕೊಡುವ ಪಟ್ಟಿ ಹೆಚ್ಚುಕಮ್ಮಿ ನೀಲ್ ಫ್ಲೆಮಿಂಗ್ ಅನ್ನುವವರದು. ನ್ಯೂಜಿಲೆಂಡ್‌ನಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. 'ವಾರ್ಕ್' ಅಂತ ಒಂದು ಪ್ರಶ್ನಾವಳಿ ಮಾಡಿ, 1992ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ನೋಡು, ಕೇಳು, ಓದು-ಬರೆ, ಮಾಡು ಅಂತ ನಾಲ್ಕು ವಿಧ. ಇದೊಂದೇ ಅಲ್ಲ. 2004ರಲ್ಲಿ ಬ್ರಿಟನ್ನಿನ ಫ್ರ್ಯಾಂಕ್ ಕಾಫೀಲ್ಡ್ ಮತ್ತು ಅವರ ಜೊತೆಗಾರರು ಹುಡುಕಿದಾಗ ಇಂಥ 71 ಮಾದರಿ ಸಿಕ್ಕವು. ಅಂದರೆ ನಿಮ್ಮ ಮಗನಿಗೆ ಇನ್ನೂ 70 ರಿಪೋರ್ಟ್ ಬಾಕಿ ಇದೆ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಸೇರಿ ನಾಲ್ವರು ಮನಶ್ಶಾಸ್ತ್ರಜ್ಞರು ಒಂದು ನೇರ ಪ್ರಶ್ನೆ ಕೇಳಿದರು. ಸ್ಟೈಲ್ ಅನ್ನೋದು ನಿಜ ಅಂತ ತೋರಿಸಬೇಕಾದರೆ ಏನು ಮಾಡಬೇಕು? ಮಕ್ಕಳನ್ನು ಮೊದಲು ವಿಷುಯಲ್, ಆಡಿಟರಿ ಅಂತ ಬೇರೆ ಮಾಡಬೇಕು. ಆಮೇಲೆ ಎರಡೂ ಗುಂಪಿನಲ್ಲಿ ಅರ್ಧ ಮಕ್ಕಳಿಗೆ ಚಿತ್ರ ತೋರಿಸಿ, ಇನ್ನರ್ಧಕ್ಕೆ ಬಾಯಲ್ಲಿ ಹೇಳಿ ಕಲಿಸಬೇಕು. ಯಾರಿಗೆ ಯಾವುದು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಆಗ ವಿಷುಯಲ್ ಮಕ್ಕಳಿಗೆ ಚಿತ್ರದಿಂದ, ಆಡಿಟರಿ ಮಕ್ಕಳಿಗೆ ಮಾತಿನಿಂದ ಜಾಸ್ತಿ ಬಂದರೆ ಒಪ್ಪೋಣ. ಹೀಗೆ ಸರಿಯಾಗಿ ಮಾಡಿದ ಪ್ರಯೋಗ ಹುಡುಕಿದರೆ ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಅದರಲ್ಲೂ ಕೆಲವು ಈ ಮಾತಿಗೆ ವಿರುದ್ಧವಾಗಿಯೇ ಇದ್ದವು. ಮಕ್ಕಳನ್ನು ಸ್ಟೈಲ್ ಪ್ರಕಾರ ಬೇರೆ ಮಾಡಿ ಕಲಿಸೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಅವರು ಬರೆದರು.

ಮಕ್ಕಳಿಗೆ ಇಷ್ಟ-ಕಷ್ಟ ಇಲ್ಲ ಅಂತಲ್ಲ. ಖಂಡಿತ ಇದೆ. ಆದರೆ ಇಷ್ಟ ಆಗೋದು ಬೇರೆ, ತಲೆಗೆ ಹತ್ತೋದು ಬೇರೆ.

ರಾಗಿಮುದ್ದೆ ಮಿಸ್

ಪುಟ ತಿರುವುವವ ಅವರೇ, ಓದಿ ಹೇಳೋದು ಸುಲಭ. ನಾನು ಬೆಂಗಳೂರಿನಲ್ಲೇ ಖಾಸಗಿ ಶಾಲೆಯ ಎರಡನೇ ಕ್ಲಾಸಿಗೆ ಪಾಠ ಮಾಡುವವಳು. ನಮಗೂ ಈ ವಿ-ಎ-ಕೆ ಟ್ರೈನಿಂಗ್ ಆಗಿದೆ. ಅದಕ್ಕೆ ಮುಂಚೆ ನಮ್ಮ ಸ್ಟಾಫ್‌ನಲ್ಲಿ ಸುಮಾರು ಜನ ಬೋರ್ಡಿನ ಮೇಲೆ ಬರೆಯೋದು, ಮಕ್ಕಳು ಕಾಪಿ ಮಾಡೋದು, ಇಷ್ಟೇ ಮಾಡುತ್ತಿದ್ದರು. ಟ್ರೈನಿಂಗ್ ಆದಮೇಲೆ ಹಾಡು ಬಂತು, ಚಾರ್ಟ್ ಬಂತು, ಮಣ್ಣು-ಮಣಿ ಬಂತು. ಮಕ್ಕಳು ಕಣ್ಣರಳಿಸಿ ಕೂರುತ್ತಾರೆ. ಅದು ಸುಳ್ಳಾ?

ಮತ್ತೆ ಗಾರ್ಡ್ನರ್ ಅವರ ಬಹುಮುಖ ಬುದ್ಧಿಮತ್ತೆ ಇದೆಯಲ್ಲ, ಬುದ್ಧಿ ಒಂದೇ ಅಲ್ಲ, ಹಲವು ಬಗೆ ಅನ್ನೋದು, ಬಿ.ಎಡ್‌ನಲ್ಲಿ ನಾವೆಲ್ಲ ಓದಿದ್ದು. ಅದನ್ನೂ ತೆಗೆದುಹಾಕೋಣವಾ?

ಪುಟ ತಿರುವುವವ

ಮಿಸ್, ಸಿಟ್ಟಾಗಬೇಡಿ. ಹೊವಾರ್ಡ್ ಗಾರ್ಡ್ನರ್ ಅದನ್ನು ಹೇಳಿದ್ದು 1983ರಲ್ಲಿ. 2013ರಲ್ಲಿ ಅವರೇ ಕೂತು ಬರೆದರು, ನಾನು ಹೇಳಿದ ಬುದ್ಧಿಮತ್ತೆ ಬೇರೆ, ಈ ಲರ್ನಿಂಗ್ ಸ್ಟೈಲ್ ಬೇರೆ, ಎರಡನ್ನೂ ಕಲಸಬೇಡಿ ಅಂತ. ಆದರೆ ನಮ್ಮ ಟ್ರೈನಿಂಗ್ ಸ್ಲೈಡ್‌ಗಳಲ್ಲಿ ಎರಡೂ ಒಂದೇ ಪುಟದಲ್ಲಿ ಇರುತ್ತವೆ.

ಸೀಮೆಸುಣ್ಣ

ರಾಗಿಮುದ್ದೆ ಮಿಸ್ ಹೇಳಿದ್ದು ಸುಳ್ಳಲ್ಲ. ಅವರ ಕ್ಲಾಸು ಚೆನ್ನಾಗಿ ಆಗಿರೋದು ನಿಜವೇ. ಆದರೆ ಯಾಕೆ ಚೆನ್ನಾಗಿ ಆಯಿತು ಅನ್ನೋದು ನೋಡಿ. ಹಾಡನ್ನು 'ಆಡಿಟರಿ' ಮಕ್ಕಳಿಗೆ ಮಾತ್ರ ಹಾಡಿಸಲಿಲ್ಲ, ಮಣಿಯನ್ನು 'ಕೈನೆಸ್ತೆಟಿಕ್' ಮಕ್ಕಳಿಗೆ ಮಾತ್ರ ಕೊಡಲಿಲ್ಲ ಅಲ್ವಾ? ಎಲ್ಲರಿಗೂ ಎಲ್ಲವೂ ಸಿಕ್ಕಿತು. ಅದಕ್ಕೇ ಫಲ ಬಂತು. ಬಗೆಬಗೆಯಾಗಿ ಕಲಿಸೋದು ಒಳ್ಳೆಯದು. ಮಗುವಿಗೆ ಚೀಟಿ ಅಂಟಿಸೋದು ಬೇಡ. ನಾನು ಹೇಳೋದು ಇದೊಂದೇ. ಅನ್ನ ಇಷ್ಟ ಅಂತ ಮಗುವಿಗೆ ಮೂರು ಹೊತ್ತೂ ಬರೀ ಅನ್ನ ಬಡಿಸುತ್ತೀವಾ?

ನಾನು ಮೈಸೂರು ಜಿಲ್ಲೆಯ ಸರ್ಕಾರಿ ಶಾಲೆಯ ಮೇಷ್ಟ್ರು, ನಲಿ-ಕಲಿ ಕೋಣೆಯಲ್ಲೇ ಕೂದಲು ಬೆಳ್ಳಗಾದವನು. ಹಾಗಾಗಿ ಸ್ವಲ್ಪ ನಮ್ಮ ಕಥೆ.

ಗೊತ್ತಿಲ್ಲದವರಿಗೆ: ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಾರ್ಡು ಇಟ್ಟುಕೊಂಡು ಕಲಿಸುವ ಪದ್ಧತಿ. ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರ ರಿಷಿ ವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿ ಮಕ್ಕಳಿಗೆ ಕಾರ್ಡು ಇಟ್ಟುಕೊಂಡು ಕಲಿಸುತ್ತಿದ್ದರು. ನಮ್ಮ ಕಡೆಯ ಮೇಷ್ಟ್ರುಗಳು ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ಸಹಾಯದಲ್ಲಿ ಇಲ್ಲಿಗೆ ಹೊಂದುವ ಹಾಗೆ ತಾವೇ ಕಾರ್ಡು ಬರೆದರು. 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ಬಂತು.

ಅಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗುಂಪಿಗೆ ನಾವು 'ತಟ್ಟೆ' ಅನ್ನುತ್ತೇವೆ. ಐದು ತಟ್ಟೆ. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಜೊತೆಗಿರಬೇಕು. ಎರಡನೆಯದರಲ್ಲಿ ಅರ್ಧಂಬರ್ಧ. ಮೂರು, ನಾಲ್ಕರಲ್ಲಿ ಜೊತೆ ಮಕ್ಕಳೇ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ಒಬ್ಬನೇ ಮಾಡಬೇಕು. ಗೋಡೆಯಲ್ಲಿ ಕಲಿಕೆಯ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೀನಿ ಅಂತ ನೋಡಿಕೊಂಡು, ಆ ಚಿತ್ರದ ಗುರುತು ಇರುವ ಕಾರ್ಡು ಎತ್ತಿಕೊಂಡು, ಅದಕ್ಕೆ ಸೇರಿದ ತಟ್ಟೆಯಲ್ಲಿ ಹೋಗಿ ಕೂರುತ್ತದೆ.

ಇಲ್ಲಿ ಗಮನಿಸಿ. ಮಗು ಎಲ್ಲಿ ಕೂರಬೇಕು ಅನ್ನೋದು ಅದರ ಕೈಯಲ್ಲಿರುವ ಕಾರ್ಡಿಗೆ ಸೇರಿದ್ದು, ಮಗುವಿನ 'ಸ್ವಭಾವ'ಕ್ಕಲ್ಲ. ಬೆಳಿಗ್ಗೆ ಹಾಡಿನ ಕಾರ್ಡು, ಆಮೇಲೆ ಅಕ್ಷರ ತಿದ್ದುವ ಕಾರ್ಡು, ಮಧ್ಯಾಹ್ನ ಕಲ್ಲು, ಬೀಜ ಎಣಿಸುವುದು. ಒಂದೇ ಮಗು ಎಲ್ಲದರಲ್ಲೂ ಹಾದು ಹೋಗಬೇಕು.

ಗಾಂಧಿಬಜಾರ್ ಅಮ್ಮ

ಇದು ಓದಿದರೆ ನನ್ನ ಮಗನನ್ನು ನಿಮ್ಮ ಶಾಲೆಗೇ ಸೇರಿಸೋಣ ಅನ್ನಿಸುತ್ತಿದೆ ಸರ್! ಆದರೆ ಒಂದು ಅನುಮಾನ. ಯಾವುದನ್ನು ಹಾಡಿನಲ್ಲಿ ಕಲಿಸಬೇಕು, ಯಾವುದನ್ನು ಕೈಯಲ್ಲಿ ಅಂತ ಹೇಗೆ ಗೊತ್ತಾಗುತ್ತೆ?

ಸೀಮೆಸುಣ್ಣ

ಪಾಠವೇ ಹೇಳುತ್ತೆ ಮೇಡಂ. ಒಂದು ಉದಾಹರಣೆ.

ಎರಡು-ಮೂರನೇ ಕ್ಲಾಸಿನ ಮಗುವಿಗೆ "ಮುನ್ನೂರ ಐದು ಬರಿ" ಅನ್ನಿ. ಸುಮಾರು ಮಕ್ಕಳು 3005 ಅಂತ ಬರೆಯುತ್ತಾರೆ. ಯಾಕೆ? ಕೇಳಿದ್ದನ್ನು ಕೇಳಿದ ಹಾಗೇ ಬರೆದರು. ಮುನ್ನೂರು ಅಂದರೆ 300, ಆಮೇಲೆ 5. ಪಕ್ಕದಲ್ಲಿ ಇಟ್ಟರು. ಆ ಮಗುವಿನ ತರ್ಕ ಸರಿಯಾಗೇ ಇದೆ, ಸ್ಥಾನಬೆಲೆ ಗೊತ್ತಿಲ್ಲ ಅಷ್ಟೇ. ಈಗ ಇದನ್ನು ಎಷ್ಟು ಸಲ ಜೋರಾಗಿ ಹೇಳಿದರೂ ಉಪಯೋಗ ಇಲ್ಲ. ಮಗು 'ಆಡಿಟರಿ' ಆಗಿದ್ದರೂ ಅಷ್ಟೇ.

ಮೊದಲು ತೆಂಗಿನ ಗರಿಯ ಕಡ್ಡಿ ಕೊಡಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು. ಕಟ್ಟುವುದು ಮಗುವೇ, ನಾವಲ್ಲ. ಮೂರು ದೊಡ್ಡ ಕಟ್ಟು, ಐದು ಬಿಡಿ ಕಡ್ಡಿ ಮುಂದೆ ಇಟ್ಟಾಗ ನಡುವೆ ಏನೂ ಇಲ್ಲ ಅನ್ನೋದು ಕಣ್ಣಿಗೆ ಕಾಣುತ್ತೆ. ಆಮೇಲೆ ಬಾಣದ ಕಾರ್ಡು. 300 ಅಂತ ಬರೆದ ಉದ್ದ ಪಟ್ಟಿ, 5 ಅಂತ ಬರೆದ ಗಿಡ್ಡ ಪಟ್ಟಿ. ಗಿಡ್ಡದನ್ನು ಉದ್ದದ ಮೇಲೆ ಬಲತುದಿಗೆ ಸರಿಯಾಗಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 305 ಆಗುತ್ತೆ. ಮಗು ಗಿಡ್ಡ ಪಟ್ಟಿ ಎತ್ತಿ ನೋಡುತ್ತೆ, ಸೊನ್ನೆ ಅಲ್ಲೇ ಇದೆ. ಮತ್ತೆ ಮುಚ್ಚುತ್ತೆ. ಮತ್ತೆ ಎತ್ತುತ್ತೆ. ಈ ಆಟ ಎಷ್ಟು ಹೊತ್ತು ಬೇಕಾದರೂ ಆಡಲಿ, ಬಿಟ್ಟುಬಿಡಿ. ಕೊನೆಗೆ ನೂರರ ನೋಟು, ಹತ್ತರ ನೋಟು, ಒಂದು ರೂಪಾಯಿ. ಆಟದ ನೋಟಾದರೂ ಸಾಕು.

ಕಡ್ಡಿ ಮುಟ್ಟಿದ್ದಾಯಿತು, ಕಾರ್ಡು ನೋಡಿದ್ದಾಯಿತು, ಬಾಯಲ್ಲಿ ಹೇಳಿದ್ದಾಯಿತು. ಎಲ್ಲ ಮಕ್ಕಳಿಗೂ ಎಲ್ಲವೂ ಬೇಕು. ಆದರೆ ಕಡ್ಡಿಯಲ್ಲೇ ನಿಂತುಬಿಡಬಾರದು. 'ಇವನು ಕೈನೆಸ್ತೆಟಿಕ್' ಅಂತ ಐದನೇ ಕ್ಲಾಸಿನವರೆಗೂ ಕಡ್ಡಿ ಎಣಿಸುತ್ತಾ ಕೂತರೆ ಆ ಮಗುವಿಗೆ ಮೋಸ.

ತಾಂಡಾ ಮಾಸ್ತರ

ಸೀಮೆಸುಣ್ಣ ಸರ್, ನಲಿ-ಕಲಿ ಬಗ್ಗೆ ಚೆಂದ ಬರೆದಿರಿ. ಆದರೆ ನಮ್ಮ ಕಡೆಯ ಮಾತೂ ಸ್ವಲ್ಪ ಕೇಳ್ರಿ. ಕಲಬುರಗಿ ಜಿಲ್ಲೆಯ ತಾಂಡಾ ಶಾಲೆ ನಮ್ಮದು. ಒಂದರಿಂದ ಐದನೇ ಕ್ಲಾಸಿಗೆ ಇಬ್ಬರು ಮಾಸ್ತರರು. ಅದರಲ್ಲಿ ಒಬ್ಬರು ಮೀಟಿಂಗು, ಸರ್ವೆ, ಮತಗಟ್ಟೆ ಅಂತ ಹೊರಗೇ ಜಾಸ್ತಿ. ಐದು ತಟ್ಟೆಗೆ ಒಬ್ಬ ಮನುಷ್ಯ. ಮೊದಲ ತಟ್ಟೆಯಲ್ಲಿ ಕೂತರೆ ನಾಲ್ಕನೆಯದರಲ್ಲಿ ಜಗಳ. ಅರ್ಧ ಕಾರ್ಡು ಹರಿದು ಹೋಗಿವೆ, ಇನ್ನರ್ಧದಲ್ಲಿ ಗುರುತೇ ಅಳಿಸಿದೆ. ಊರವರು ಕಿಟಕಿಯಲ್ಲಿ ಇಣುಕಿ, "ಮಾಸ್ತರ, ಬರೀ ಆಡಿಸ್ತೀರಿ, ಅ ಆ ಇ ಈ ಯಾವಾಗ ಕಲಿಸ್ತೀರಿ?" ಅಂತಾರೆ. ಅವರಿಗೆ ಏನು ಹೇಳಲಿ? ಮುಂದಿನ ವರ್ಷ ಆ ಮಗು ಖಾಸಗಿ ಶಾಲೆಯ ವ್ಯಾನ್ ಹತ್ತಿರುತ್ತದೆ.

ಇನ್ನೊಂದು. ನಮ್ಮ ಮಕ್ಕಳ ಮನೆ ಮಾತು ಲಂಬಾಣಿ. ಒಂದನೇ ಕ್ಲಾಸಿಗೆ ಬಂದ ಮಗು ಮೊದಮೊದಲು ಬಾಯೇ ಬಿಡುವುದಿಲ್ಲ. ಹೊರಗಿನಿಂದ ಬಂದವರು ನೋಡಿದರೆ 'ಈ ಮಗು ಕೇಳಿ ಕಲಿಯುವಂಥದ್ದಲ್ಲ' ಅಂತ ಬರೆದುಕೊಂಡು ಹೋಗುತ್ತಾರೆ. ಕೇಳುವುದಕ್ಕೆ ಅದಕ್ಕೆ ಕನ್ನಡ ಬರಬೇಕಲ್ಲ! ಅದೇ ಮಗು ಮನೆಯಲ್ಲಿ ಅಜ್ಜಿಯ ಹತ್ತಿರ ಉದ್ದುದ್ದ ಹಾಡು ಬಾಯಿಪಾಠ ಕಲಿತಿರುತ್ತದೆ. ಸ್ಟೈಲ್ ಅಲ್ಲರೀ ಅದು, ಭಾಷೆಯ ಗೋಡೆ.

ರಾಗಿಮುದ್ದೆ ಮಿಸ್

ಮಾಸ್ತರರೇ, ಇದು ನಾನು ಯೋಚನೆ ಮಾಡಿರಲಿಲ್ಲ. ನೀವು ಆ ಮಕ್ಕಳಿಗೆ ಹೇಗೆ ಶುರು ಮಾಡುತ್ತೀರಿ?

ತಾಂಡಾ ಮಾಸ್ತರ

ಮೈ ಕುಣಿಸಿಯೇ ಶುರು. ಕೂಡು, ಏಳು, ಜಿಗಿ, ತಿರುಗು, ಕಲ್ಲು ತಾ, ಬಾಗಿಲು ಮುಟ್ಟು. ನಾನು ಹೇಳುತ್ತೇನೆ, ನಾನೂ ಮಾಡುತ್ತೇನೆ. ಆಮೇಲೆ ಬರೀ ಹೇಳುತ್ತೇನೆ, ಅವರು ಮಾಡುತ್ತಾರೆ. ಆಮೇಲೆ ಅವರು ಹೇಳುತ್ತಾರೆ, ನಾನು ಮಾಡಬೇಕು. ಮಾಸ್ತರನನ್ನು ಜಿಗಿಸೋದು ಅಂದರೆ ಯಾವ ಮಗುವಿಗೂ ಕನ್ನಡ ಬಂದೇ ಬರುತ್ತದೆ. ದೊಡ್ಡ ಕ್ಲಾಸಿನ ಲಂಬಾಣಿ ಹುಡುಗಿ ಒಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವಳು ಎರಡೂ ಮಾತಿನಲ್ಲಿ ಹೇಳುತ್ತಾಳೆ.

ನಲಿ-ಕಲಿಯನ್ನು ಬೈದೆ, ಒಂದು ಒಳ್ಳೆಯದೂ ಹೇಳುತ್ತೇನೆ. ನಮ್ಮ ಜನ ಗುಳೆ ಹೋಗುತ್ತಾರೆ, ಪುಣೆ, ಮುಂಬಯಿ, ಹೈದರಾಬಾದ್. ಮಕ್ಕಳೂ ಜೊತೆಗೆ. ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ಪುಸ್ತಕದ ಪಾಠವಾದರೆ ವಾಪಸ್ ಬಂದಾಗ ಕ್ಲಾಸು ಎಲ್ಲೋ ಮುಂದೆ ಹೋಗಿರುತ್ತದೆ. ಏಣಿ ಇದ್ದರೆ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಈ ಒಂದು ಕಾರಣಕ್ಕೆ ನಾನು ಹರಿದ ಕಾರ್ಡುಗಳನ್ನು ಇನ್ನೂ ಅಂಟಿಸಿ ಇಟ್ಟುಕೊಂಡಿದ್ದೇನೆ.

ಎಂಟನೇ ಮೈನ್

ನಾಲ್ಕನೇ ಕ್ಲಾಸಿನ ಟೀಚರ್ ಪರವಾಗಿ ಒಂದು ಮಾತು. ಮೂರು ವರ್ಷ ನೆಲದ ಮೇಲೆ ಕಾರ್ಡು ಹಿಡಿದು ಓಡಾಡಿದ ಮಕ್ಕಳು ನಮ್ಮ ಹತ್ತಿರ ಬಂದ ತಕ್ಷಣ ಬೆಂಚು, ದಪ್ಪ ಪುಸ್ತಕ, ಪ್ರಶ್ನೋತ್ತರ. ಜೂನ್-ಜುಲೈ ಪೂರ್ತಿ ಕಿಟಕಿ ಕಡೆ ನೋಡುತ್ತಾ ಕೂರುತ್ತಾರೆ. ಬಗೆಬಗೆಯಾಗಿ ಕಲಿಸೋದು ಮೂರಕ್ಕೇ ಯಾಕೆ ನಿಲ್ಲಬೇಕು? ಮಕ್ಕಳ ಸಂತೆ ಅಂತ ವರ್ಷಕ್ಕೊಂದು ದಿನ ಮಾಡುತ್ತೇವೆ. ಅದರಲ್ಲೂ ತರಕಾರಿ ತೂಗೋದು ಅಪ್ಪ, ಚಿಲ್ಲರೆ ಕೊಡೋದು ಅಮ್ಮ, ಫೋಟೋದಲ್ಲಿ ಮಾತ್ರ ಮಗು.

ಸೀಮೆಸುಣ್ಣ

ಸಂತೆಯ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲಿ ಈಗ ಒಂದು ನಿಯಮ. ದೊಡ್ಡವರು ಕೊಳ್ಳಬಹುದು, ಮಾರುವ ಹಾಗಿಲ್ಲ. ಸಂತೆಗೆ ಮುಂಚೆಯೇ ಮಗು ತನ್ನ ಬೆಲೆಪಟ್ಟಿ ಬರೆದು ತರಬೇಕು. ಕಾಲು ಕೆ.ಜಿ. ಟೊಮ್ಯಾಟೊಗೆ ಎಷ್ಟು, ಇಪ್ಪತ್ತು ಕೊಟ್ಟರೆ ವಾಪಸ್ ಎಷ್ಟು. ಮಾರನೇ ದಿನ ತಂದ ಹಣ, ಮಾರಿದ ಹಣ, ಉಳಿದ ಸೊಪ್ಪು, ಎಲ್ಲ ಬರೆಸೋದು. ಸಂತೆಗಿಂತ ಆ ಮಾರನೇ ದಿನದ ಪಾಠವೇ ಮುಖ್ಯ. ಅದಿಲ್ಲದಿದ್ದರೆ ಅದು ಬರೀ ಫೋಟೋ ಕಾರ್ಯಕ್ರಮ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕ್ಲಾಸ್ ಮಾಡುತ್ತೇವೆ, ಎಲ್ಲರೂ ಸ್ವಯಂಸೇವಕರು. ಒಬ್ಬ ತಂದೆ "ನನ್ನ ಮಗಳು ವಿಷುಯಲ್, ಫ್ಲ್ಯಾಶ್ ಕಾರ್ಡಿನಲ್ಲೇ ಕಲಿಸಿ" ಅಂತ ಕೇಳಿಕೊಂಡರು. ಕಲಿಸಿದೆವು. ಮರದ ಚಿತ್ರ, ಕೆಳಗೆ 'ಮರ'. ಮಗು ಪಟಪಟ ಅಂತ ಹೇಳುತ್ತಿತ್ತು. ಒಂದು ದಿನ ಹೆಬ್ಬೆರಳಿನಿಂದ ಚಿತ್ರ ಮುಚ್ಚಿ ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿತು. ಅಕ್ಷರ ಓದಿಯೇ ಇರಲಿಲ್ಲ, ಚಿತ್ರ ನೋಡಿ ಹೇಳುತ್ತಿತ್ತು. ಈಗ ಕಾರ್ಡಿನ ಒಂದು ಕಡೆ ಪದ, ಹಿಂದುಗಡೆ ಚಿತ್ರ. ಮೊದಲು ಓದು, ಆಮೇಲೆ ತಿರುಗಿಸಿ ಸರಿಯಾ ನೋಡು.

ಪುಟ ತಿರುವುವವ

ಎಡಿಸನ್ ಅವರೇ, ನೀವು ಮಾಡಿದ ಆ ಸಣ್ಣ ಬದಲಾವಣೆ ದೊಡ್ಡದು. ಚಿತ್ರ ಮತ್ತು ಮಾತು ಜೊತೆಗಿದ್ದರೆ ನೆನಪು ಗಟ್ಟಿ, ಇದು ಎಲ್ಲರಿಗೂ ಅನ್ವಯಿಸುತ್ತೆ. ಆದರೆ ಉತ್ತರವನ್ನು ನೋಡುವ ಮುಂಚೆ ತಾನೇ ನೆನಪಿನಿಂದ ಹೊರಗೆ ತೆಗೆಯಬೇಕು. ಹಾಗೆ ತೆಗೆದಷ್ಟೂ ಕಲಿತದ್ದು ಉಳಿಯುತ್ತೆ. ಸ್ಟೈಲ್‌ಗೆ ಸಿಗದ ಆಧಾರ ಇದಕ್ಕೆ ಧಾರಾಳವಾಗಿ ಇದೆ.

ಮಾನಸಗಂಗೋತ್ರಿ

ಗಾಂಧಿಬಜಾರ್ ಅಮ್ಮ, ನಾನು ವಾಕ್-ಶ್ರವಣ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ನಿಮ್ಮ ಪೋಸ್ಟಿನಲ್ಲಿ ನನಗೆ ಚುಚ್ಚಿದ್ದು ಬೆರಳಚ್ಚಲ್ಲ, "ಅದು ಅವನ ಸ್ಟೈಲ್, ತಲೆ ಕೆಡಿಸಿಕೊಳ್ಳಬೇಡಿ" ಅನ್ನುವ ಮಾತು. ಈ ಚೀಟಿಯ ಹಿಂದೆ ಏನೇನೋ ಬಚ್ಚಿಟ್ಟುಕೊಂಡಿರುತ್ತೆ. 'ಹೇಳಿದ್ದು ಕೇಳಿಸಿಕೊಳ್ಳಲ್ಲ, ವಿಷುಯಲ್' ಅನ್ನಿಸಿಕೊಂಡ ಮಕ್ಕಳಿಗೆ ಕಿವಿ ಸೋರುತ್ತಿರುತ್ತೆ, ನೆಗಡಿ ಬಂದಾಗಲೆಲ್ಲ ಕೇಳಿಸೋದು ಕಡಿಮೆಯಾಗಿರುತ್ತೆ. 'ಬೋರ್ಡ್ ನೋಡಲ್ಲ, ಆಡಿಟರಿ' ಅನ್ನಿಸಿಕೊಂಡವರಿಗೆ ಕನ್ನಡಕ ಬೇಕಿರುತ್ತೆ. ಓದೋದು ನಿಜವಾಗಲೂ ಕಷ್ಟ ಆಗುವ ಡಿಸ್ಲೆಕ್ಸಿಯಾ ಕೂಡ ಇದೆ. ಅದನ್ನು ಬೇಗ ಗುರುತಿಸಿದಷ್ಟೂ ಒಳ್ಳೆಯದು.

ಹೆದರಿಸುತ್ತಿಲ್ಲ. ಮೊದಲು ಕಣ್ಣು, ಕಿವಿ ಒಂದು ಸಲ ತೋರಿಸಿ. ಆಮೇಲೆ ಮಗ ಓದುವಾಗ ಎಲ್ಲಿ ಎಡವುತ್ತಾನೆ ಅಂತ ನೀವೇ ಕೂತು ನೋಡಿ. ಸರ್ಕಾರಿ ಶಾಲೆಗಳಿಗಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತೆ, ಮೇಷ್ಟ್ರುಗಳು ಅನುಮಾನ ಇರುವ ಮಕ್ಕಳ ಹೆಸರು ಮುಂಚೆಯೇ ಬರೆದಿಟ್ಟುಕೊಂಡರೆ ಅನುಕೂಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಎರಡೂ ಕಡೆ ಸರಿಯಾದ ಪರೀಕ್ಷೆ ಮಾಡುತ್ತಾರೆ.

ಗಾಂಧಿಬಜಾರ್ ಅಮ್ಮ

ಕಣ್ಣು, ಕಿವಿ ಎರಡೂ ತೋರಿಸಿದೆ. ಸರಿಯಾಗಿದೆ, ದೇವರ ದಯೆ. ನೀವು ಹೇಳಿದ ಹಾಗೆ ಕೂರಿಸಿಕೊಂಡು ಓದಿಸಿದೆ. 'ಮನೆ', 'ಆಟ', 'ಕುದುರೆ' ಎಲ್ಲ ಸಲೀಸು. 'ಅಕ್ಕ', 'ಅಪ್ಪ' ಕೂಡ ಪರವಾಗಿಲ್ಲ. 'ಪುಸ್ತಕ' ಬಂದರೆ 'ಪುಸಕ'. 'ರಾತ್ರಿ' ಬಂದರೆ 'ರಾತಿ'. 'ಸೂರ್ಯ' ಬಂದರೆ ಪುಸ್ತಕ ಮುಚ್ಚಿ ನೀರು ಕುಡಿಯೋಕೆ ಎದ್ದು ಹೋದ!

ಸೀಮೆಸುಣ್ಣ

ನೋಡಿ, ಈಗ ಗೊತ್ತಾಯಿತು. ಕೈನೆಸ್ತೆಟಿಕ್ಕೂ ಅಲ್ಲ, ಏನೂ ಅಲ್ಲ. ಒತ್ತಕ್ಷರ!

ಇದು ಮೂರನೇ ಕ್ಲಾಸಿನಲ್ಲಿ ತುಂಬಾ ಮಕ್ಕಳ ಕಥೆ. 'ಅಕ್ಕ' ಯಾಕೆ ಬರುತ್ತೆ ಗೊತ್ತಾ? ಕೆಳಗಿನ ಒತ್ತು ಮೇಲಿನ ಅಕ್ಷರದ ಥರವೇ ಕಾಣುತ್ತೆ, ತಲೆಕಟ್ಟು ಇಲ್ಲ ಅಷ್ಟೇ. ಹೆಚ್ಚಿನ ಒತ್ತು ಹಾಗೇ. ಆದರೆ ತ, ನ, ಮ, ಯ, ರ, ಲ, ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತೆ. ನಿಮ್ಮ ಮಗ ಎಡವಿದ್ದು ನೋಡಿ. ಪುಸ್ತಕದಲ್ಲಿ ತ ಒತ್ತು, ರಾತ್ರಿಯಲ್ಲಿ ರ ಒತ್ತು. ಇನ್ನು 'ಸೂರ್ಯ'ದಲ್ಲಿ ಅರ್ಕಾವತ್ತು. ಬರೆಯೋದು ಯ ಆದಮೇಲೆ, ಓದೋದು ಯ-ಗಿಂತ ಮೊದಲು. ಎದ್ದು ಹೋಗದೆ ಏನು ಮಾಡುತ್ತಾನೆ ಪಾಪ!

ಹೀಗೆ ಮಾಡಿ. ಮೊದಲು ಕಿವಿಗೆ: 'ಪುಸ್-ತ-ಕ' ಅಂತ ಚಪ್ಪಾಳೆ ತಟ್ಟಿ ಹೇಳಿಸಿ. 'ರಾತ್-ರಿ', 'ಸೂರ್-ಯ'. ಒಡೆದಾಗ ಎರಡು ಸದ್ದು ಇದೆ ಅಂತ ಗೊತ್ತಾಗಬೇಕು. ಆಮೇಲೆ ಕಣ್ಣಿಗೆ: ಆರು ಅಕ್ಷರ ಒಂದು ಕಡೆ, ಆರು ಒತ್ತು ಒಂದು ಕಡೆ, ಜೋಡಿ ಹುಡುಕುವ ಕಾರ್ಡು. ಆಮೇಲೆ ಕೈಗೆ: ತಟ್ಟೆಯಲ್ಲಿ ರವೆ ಹರಡಿ ಬೆರಳಿನಲ್ಲಿ ಬರೆಯಲಿ, ಬರೆಯುವಾಗ ಬಾಯಲ್ಲಿ ಹೇಳಲಿ. ಮುಟ್ಟಿ ಕಲಿಯೋದು ಹೊಸದೇನಲ್ಲ. ಮರಿಯಾ ಮಾಂಟೆಸೊರಿ ಉಪ್ಪುಕಾಗದದ ಅಕ್ಷರ ಮಾಡಿ ಮಕ್ಕಳಿಂದ ಸವರಿಸುತ್ತಿದ್ದರು. ಅವರು 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ದೇಶದ ಟೀಚರ್‌ಗಳಿಗೂ ಅದನ್ನೇ ಕಲಿಸಿದರು. ನಮ್ಮ ಹಿರಿಯರು ಮರಳಿನ ಮೇಲೆ ತಿದ್ದಿಸುತ್ತಿದ್ದದ್ದೂ ಇದೇ.

ಕೊನೆಗೆ, ಪುಸ್ತಕ ಬಿಟ್ಟು ಬೀದಿಗೆ ಕರೆದುಕೊಂಡು ಹೋಗಿ. ಬಿಎಂಟಿಸಿ ಬಸ್ಸಿನ ಬೋರ್ಡಿನಲ್ಲಿ ಎಷ್ಟು ಒತ್ತು ಬೇಕು! 'ಮಲ್ಲೇಶ್ವರ' ಒಂದರಲ್ಲೇ ಎರಡು ಇದೆ.

ಎಂಟನೇ ಮೈನ್

ಮಗ್ಗಿಗೂ ಹೀಗೇ ಏನಾದರೂ ಹೇಳಿ. ನಮ್ಮ ಮಕ್ಕಳು ರಾಗವಾಗಿ ಹೇಳುತ್ತಾರೆ, ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಆದರೆ ಥಟ್ ಅಂತ "ಏಳೆಂಟ್ಲ?" ಅಂದರೆ ಮತ್ತೆ ಏಳೊಂದ್ಲದಿಂದ ಹೊರಟು ಬೆರಳು ಮಡಿಸುತ್ತಾ ಬರುತ್ತಾರೆ.

ರಾಗಿಮುದ್ದೆ ಮಿಸ್

ರಾಗದ ಗುಣವೇ ಅದು. ಸಾಲು ಸಾಲಾಗಿ ಬರುತ್ತೆ, ನಡುವೆ ಇಳಿಯೋಕೆ ಬಿಡಲ್ಲ. ನಾನು ರಾಗ ಬಿಡಿಸಲ್ಲ, ಅದು ಇರಲಿ. ಆದರೆ ಅದರ ಜೊತೆಗೆ ಚೌಕಳಿ ಹಾಳೆಯಲ್ಲಿ ಏಳು ಸಾಲು, ಎಂಟು ಕಂಬ ಬಣ್ಣ ಹಾಕಿಸುತ್ತೇನೆ. ಐದು ಕಂಬ ಒಂದು ಬಣ್ಣ, ಮೂರು ಕಂಬ ಇನ್ನೊಂದು. 35 ಮತ್ತು 21, ಒಟ್ಟು 56. ಮಗು ಮರೆತರೂ ಕಟ್ಟಿಕೊಳ್ಳೋಕೆ ದಾರಿ ಗೊತ್ತಿರುತ್ತೆ. ಆಮೇಲೆ ಚೀಟಿ ಎತ್ತುವ ಆಟ, ಕ್ರಮ ತಪ್ಪಿಸಿ.

ಚಿಕ್ಕವರಿಗೆ ಕೂಡೋದಕ್ಕೆ ಚೌಕಾಬಾರ ಆಡಿಸುತ್ತೇನೆ. ಐದೈದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಯಾವ ಕಾಯಿ ನಡೆಸಿದರೆ ಎದುರಿನವರ ಕಾಯಿ ಹೊಡೆಯಬಹುದು ಅಂತ ಲೆಕ್ಕ ಹಾಕುವಾಗ ಮಗು ಮನಸ್ಸಿನಲ್ಲೇ ಕೂಡುತ್ತೆ. 'ಇದು ಗಣಿತ' ಅಂತ ನಾನು ಬಾಯಿ ಬಿಡೋದಿಲ್ಲ.

ಎಡಿಸನ್ ಕನ್ನಡಿಗ

ಕವಡೆ ಎಲ್ಲಿ ಸಿಗುತ್ತೆ ಮಿಸ್? ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ.

ರಾಗಿಮುದ್ದೆ ಮಿಸ್

ಅವೆನ್ಯೂ ರಸ್ತೆ ಕಡೆ ಹೋದರೆ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಅಷ್ಟು ದೂರ ಬೇಡ ಅಂದರೆ ಹುಣಸೆ ಬೀಜ ಎರಡು ಹೋಳು ಮಾಡಿ. ಒಂದು ಕಡೆ ಕಂದು, ಒಂದು ಕಡೆ ಬಿಳಿ.

ತಾಂಡಾ ಮಾಸ್ತರ

ಸೀಮೆಸುಣ್ಣ ಸರ್, ಊರವರು ಕೇಳುವ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ. "ಅ ಆ ಇ ಈ ಯಾವಾಗ?"

ಸೀಮೆಸುಣ್ಣ

ಅವರನ್ನೇ ಒಳಗೆ ಕರೆದು ಕೂರಿಸಿ ಮಾಸ್ತರರೇ. ನಲಿ-ಕಲಿಯಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದ ಮಗುವಿಗೆ ಅವರ ಎದುರಿಗೇ ಬೋರ್ಡಿನ ಮೇಲೆ ಬರೆದು ಓದಿಸಿ: ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ. ಅ ಆ ಇ ಈ-ಯಿಂದ ಹೊರಟ ಮಗು ಐದು ಅಕ್ಷರ ಕಲಿತಾಗ ಎಷ್ಟು ಪದ ಓದುತ್ತೆ ಅಂತ ಅವರೇ ನೋಡಲಿ. ನಮ್ಮ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಅಧ್ಯಕ್ಷರು ಹಾಗೆ ನೋಡಿದ ಮೇಲೆ ಕಿಟಕಿಯಲ್ಲಿ ಇಣುಕೋದು ಬಿಟ್ಟು ಒಳಗೇ ಬಂದು ಕೂರುತ್ತಾರೆ. ಈಗ ಅವರನ್ನು ಹೊರಗೆ ಕಳಿಸೋದೇ ಕಷ್ಟ.

ಗಾಂಧಿಬಜಾರ್ ಅಮ್ಮ

ರವೆ ತಟ್ಟೆ ಶುರು ಮಾಡಿದೆವು. ಅರ್ಧ ರವೆ ನೆಲದ ಮೇಲೆ. ತ ಒತ್ತು, ರ ಒತ್ತು ಬರುತ್ತಿದೆ, ಅರ್ಕಾವತ್ತು ಇನ್ನೂ ಜಗಳ. ಮಿಸ್ ಹತ್ತಿರ ಹೋಗಿ ಸ್ಟೈಲ್ ಮಾತು ಎತ್ತದೆ, "ಇವನಿಗೆ ಈ ಆರು ಒತ್ತು ಬರಲ್ಲ, ಕ್ಲಾಸಿನಲ್ಲೂ ಸ್ವಲ್ಪ ನೋಡಿ" ಅಂತ ಚೀಟಿ ಕೊಟ್ಟೆ. ಅವರು ಚೀಟಿ ಓದಿ, "ಇನ್ನೂ ಸುಮಾರು ಮಕ್ಕಳಿಗೆ ಇದೇ ತೊಂದರೆ, ಎಲ್ಲರಿಗೂ ಮಾಡಿಸುತ್ತೀನಿ" ಅಂದರು. ಸೀಮೆಸುಣ್ಣ ಸರ್, ಅರ್ಕಾವತ್ತಿಗೆ ಬೇರೆ ಏನಾದರೂ ಉಪಾಯ ಇದೆಯಾ?

ಸೀಮೆಸುಣ್ಣ

ಇದೆ. ಅರ್ಕಾವತ್ತು ಬರುವ, ಅವನಿಗೆ ಗೊತ್ತಿರುವ ಹೆಸರುಗಳನ್ನೇ ಆರಿಸಿ: ಕರ್ನಾಟಕ, ಮಾರ್ಕೆಟ್, ಪಾರ್ಕ್, ಚರ್ಚ್, ಬರ್ಫಿ. ಬಾಯಿಗೆ ಮೊದಲೇ ಗೊತ್ತಿರೋದರಿಂದ ಕಣ್ಣು ಹಿಂದೆ ಬರುತ್ತೆ. ಆ ಗುರುತಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಎಡಕ್ಕೆ ಒಂದು ಬಾಣ ಹಾಕಲಿ, 'ಮೊದಲು ನನ್ನನ್ನು ಹೇಳು' ಅಂತ. ರೂಢಿಯಾದ ಮೇಲೆ ಬಾಣ ಬಿಡಿಸಿ. 'ಸೂರ್ಯ' ಕೊನೆಗೆ ಇರಲಿ.